ನೌಕಾನೆಲೆಗೆ ಊರು ಬಿಟ್ಟುಕೊಟ್ಟವರು

ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯಬೇಕಾದರೆ ಕನ್ನಂಬಾಡಿ ಎಂಬ ಊರು ಮುಳುಗಬೇಕಾಯಿತು. ಅದನ್ನು ಮುಳುಗಿಸಿದ, 1911ರಲ್ಲಿ ಕೆಲಸ ಶುರುವಾದ ಅಣೆಕಟ್ಟನ್ನು ನಮ್ಮ ಜನ ಇಂದಿಗೂ ಕನ್ನಂಬಾಡಿ ಕಟ್ಟೆ ಎಂದೇ ಕರೆಯುತ್ತಾರೆ. ಆ ಊರಿನ ವೇಣುಗೋಪಾಲಸ್ವಾಮಿಗೂ ದಡದಲ್ಲಿ ಮತ್ತೆ ಗುಡಿಯಾಗಿದೆ.

ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕಾರವಾರ ಸೀಮೆಯ ಅರ್ಗಾದಂಥ ಊರುಗಳಿಗೆ ಈ ಭಾಗ್ಯವೂ ಇಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ತೋಟ, ದೋಣಿ ಎಳೆಯುವ ದಡ ಬಿಟ್ಟು ತೋಡೂರು, ಮುದಗಾದ ಪುನರ್ವಸತಿ ಕಾಲೊನಿ ಸೇರಿದವು. ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದವು. ಮೀನುಗಾರನಿಗೆ ದಡ ತಪ್ಪುವುದೆಂದರೆ ನಮ್ಮ ರೈತನಿಗೆ ನಾಲೆ ಬತ್ತಿದಂತೆ; ಹಣ ಅದನ್ನು ತುಂಬಿಕೊಡದು.

ದೇಶಕ್ಕೆ ನೌಕಾನೆಲೆ ಬೇಕು, ತಕರಾರಿಲ್ಲ. ಆದರೆ ಕೊಟ್ಟವರ ಹೆಸರು ಉಳಿಯಬೇಕು. ಕಾರವಾರದ ಕಡಲತೀರದಲ್ಲಿ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಅದರ ಪಕ್ಕದಲ್ಲೇ ಆ ಊರುಗಳ ಹೆಸರು, ಭಾವಚಿತ್ರ, ಹಿರಿಯರ ಮಾತುಗಳಿಗೆ ಒಂದು ಕೋಣೆ ಕಟ್ಟಿಸಲಿ. ಆ ಊರುಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಜಿಲ್ಲಾಡಳಿತ ಮತ್ತು ನೌಕಾಪಡೆ ಈಗಲೇ ಕೆಲಸ ಶುರುಮಾಡಬೇಕು.