ಗೋಲು ಕಾಯುವ ಮಗುವಿಗೆ ಕವಚ

ಬೆಳೆಯುವ ಮೈಗೆಂದು ಮಕ್ಕಳ ಉಡುಪನ್ನು ನಾಲ್ಕು ಬೆರಳು ದೊಡ್ಡದಾಗಿ ಹೊಲಿಸುವುದು ನಮ್ಮ ಸಂಸಾರಗಳಲ್ಲಿ ಬಹುಕಾಲದಿಂದ ನಡೆದುಬಂದ ಮಿತವ್ಯಯವಷ್ಟೆ. ಲಂಗದ ವಿಷಯದಲ್ಲಿ ಇದು ಜಾಣತನವೇ ಸರಿ. ಹಾಕಿ ಆಟದಲ್ಲಿ ಗೋಲು ಕಾಯುವ ಮಗುವಿನ ಕವಚದ ವಿಷಯದಲ್ಲಿ ಮಾತ್ರ ಅಪಾಯಕರವಾದುದು. ನಮ್ಮ ಮಾಲೇಕಲ್ಲಿನ ಗೃಹಸ್ಥರೊಬ್ಬರು, ತಮ್ಮ ಹನ್ನೊಂದು ವರ್ಷದ ಮಗಳು ಶಾಲೆಯ ತಂಡದಲ್ಲಿ ಗೋಲಿಗೆ ನಿಂತಿರುವಳೆಂದೂ, ಸಾಮಗ್ರಿಯನ್ನು ಎರಡು ವರ್ಷಕ್ಕೆ ಬರುವಂತೆ ದೊಡ್ಡದಾಗಿ ಕೊಳ್ಳಬಹುದೆ ಎಂದೂ ಕೇಳಿರುವರು. ಕೂಡದೆಂದೇ ನನ್ನ ಉತ್ತರ.

ಹಾಕಿಯ ಗೋಲು 12 ಅಡಿ ಅಗಲವೂ 7 ಅಡಿ ಎತ್ತರವೂ ಉಳ್ಳದ್ದು. ಚೆಂಡು 156ರಿಂದ 163 ಗ್ರಾಂ ತೂಗುವ ಗಟ್ಟಿ ವಸ್ತು. ಓಡಲಾರದ ಮಗುವನ್ನು ಅದರ ಮುಂದೆ ನಿಲ್ಲಿಸಿಬಿಡುವ ಪದ್ಧತಿಯು ಶುದ್ಧ ಅವಿವೇಕವು. 1998ರಲ್ಲಿ ಬ್ಯಾಂಕಾಕಿನ ಏಷ್ಯಾ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾದವರ ಪೆನಾಲ್ಟಿ ಹೊಡೆತಗಳನ್ನು ತಡೆದು ಭಾರತಕ್ಕೆ ಚಿನ್ನ ತಂದ ಬೆಂಗಳೂರಿನ ಆಶಿಷ್ ಬಲ್ಲಾಳರು ನಿಂತದ್ದೂ ಅದೇ ಸ್ಥಾನದಲ್ಲಿಯೇ.

ಮೊದಲ ಹಣವು ಶಿರಸ್ತ್ರಾಣಕ್ಕೆ ಸಲ್ಲತಕ್ಕದ್ದು. ತ್ರಾಣವೆಂದರೆ ಸಂಸ್ಕೃತದಲ್ಲಿ ರಕ್ಷಣೆ. ಅದೇ ಶಬ್ದಕ್ಕೆ ಕನ್ನಡದಲ್ಲಿ ಶಕ್ತಿಯೆಂಬ ಅರ್ಥ ಬಂದಿರುವುದು ಈ ಆಟದಲ್ಲಿ ಎಷ್ಟು ಸಾರ್ಥಕವಾಗಿದೆ! ಹೆದರಿದ ಮಗುವು ಚೆಂಡು ಬಂದೊಡನೆ ಮುಖ ತಿರುಗಿಸುವುದು. ತನಗೆ ನೋವಾಗದೆಂಬ ಭರವಸೆಯುಳ್ಳ ಮಗುವು ಚೆಂಡನ್ನೇ ನೋಡುವುದು. ಪಟ್ಟಿ ಬಿಗಿದು ಮಗುವಿನಿಂದ ತಲೆಯಾಡಿಸಿ ನೋಡಿರಿ. ಶಿರಸ್ತ್ರಾಣವು ಕಣ್ಣಿನ ಮೇಲೆ ಜಾರಬಾರದು, ಮುಂದಿನ ಕಂಬಿಯು ಮೂಗಿಗೆ ತಾಗಬಾರದು. ಕ್ರಿಕೆಟ್ಟಿನ ಟೋಪಿಯಿಂದ ಕೆಲಸ ನಡೆಯದು. ಗಂಟಲಿಗೆ ಬೇರೆ ಪಟ್ಟಿಯೂ ಬೇಕು. ಬಿರುಕು ಬಿಟ್ಟ ಹಳೆಯ ಶಿರಸ್ತ್ರಾಣವನ್ನು ಯಾರು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಿರಿ.

ಎದೆ, ಕಿಬ್ಬೊಟ್ಟೆಗಳ ಕವಚ ಹುಡುಗಿಯರಿಗೂ ಅವಶ್ಯಕವೇ. ಕಾಲಿನ ಪ್ಯಾಡಿನಲ್ಲಿ ಮಂಡಿಯು ಮಂಡಿಯ ಜಾಗದಲ್ಲಿಯೇ ಕೂಡಬೇಕು. ಉದ್ದವಾದರೆ ಕುಳಿತೇಳುವಾಗ ಅದು ತೊಡೆಗೆ ಒತ್ತುವುದು. ಮಗುವು ಮುಂದಕ್ಕೆ ನುಗ್ಗಬೇಕಾದ ಕ್ಷಣದಲ್ಲಿ ಮುಗ್ಗರಿಸುವುದು. ಪಾದದ ಮೇಲಿನ ಕಿಕ್ಕರನ್ನು ಮಗುವಿನ ಸ್ವಂತ ಬೂಟಿಗೇ ಕಟ್ಟಿ ನೋಡಿ ಕೊಳ್ಳತಕ್ಕದ್ದು. ಕೈಗವಸುಗಳಲ್ಲಿ ಎಡದ್ದು ಚೆಂಡನ್ನು ತಡೆಯಲು, ಬಲದ್ದು ಕೋಲನ್ನು ಹಿಡಿಯಲು, ಒಂದಕ್ಕೊಂದು ಬದಲಾಗದು.

ಕೇರಳದ ಶ್ರೀಜೇಶರ ತಂದೆಯವರು ಮಗನ ಈ ಸಾಮಗ್ರಿಗಾಗಿ ಮನೆಯ ಹಸುವನ್ನೇ ಮಾರಿದ ಸಂಗತಿ ಲೋಕಪ್ರಸಿದ್ಧವು. ಆ ಮಗನು ಗೋಲು ಕಾದ ಭಾರತ ತಂಡಕ್ಕೆ 2021ರಲ್ಲಿ ಟೋಕಿಯೋದಲ್ಲಿಯೂ 2024ರಲ್ಲಿ ಪ್ಯಾರಿಸಿನಲ್ಲಿಯೂ ಒಲಿಂಪಿಕ್ ಕಂಚು ದೊರೆಯಿತು. ಹಾಗೆಂದು ಹಸುವನ್ನು ಮಾರಿರೆಂದು ನಾನು ಯಾರಿಗೂ ಹೇಳಲಾರೆ. ಪ್ಯಾಡು, ಕಿಕ್ಕರುಗಳನ್ನು ಶಾಲೆಯವರು ಎರಡು ಅಳತೆಗಳಲ್ಲಿ ತರಿಸಿಟ್ಟರೆ ವರ್ಷವರ್ಷವೂ ಬೇರೆ ಬೇರೆ ಮಕ್ಕಳಿಗೆ ಒದಗುವುವು. ನಾಲ್ಕಾರು ಪೋಷಕರು ಕೂಡಿ ಮುಖ್ಯೋಪಾಧ್ಯಾಯರನ್ನು ಕೇಳುವುದರಲ್ಲಿ ಸಂಕೋಚವೇಕೆ? ಮನೆಯವರು ಶಿರಸ್ತ್ರಾಣವನ್ನೂ ಕಿಬ್ಬೊಟ್ಟೆಯ ಕವಚವನ್ನೂ ಕೊಂಡರೆ ಈ ವರ್ಷಕ್ಕೆ ಸಾಕು. ಆಟ ಮುಗಿದ ಮೇಲೆ ಅವನ್ನು ಚೀಲದಲ್ಲಿಯೇ ಬಿಡದೆ ನೆರಳಿನ ಗಾಳಿಗೆ ಹರವಿರಿ, ಮಳೆಗಾಲದಲ್ಲಂತೂ ತಪ್ಪದೆ.