ದೋಣಿಯ ಬ್ಯಾಟರಿಯೂ ಇನ್ವರ್ಟರಿನ ಲೆಕ್ಕವೂ

ಮಲ್ಪೆ ಹಾಗೂ ಮಂಗಳೂರು ಬಂದರುಗಳಿಂದ ಆಳಸಮುದ್ರಕ್ಕೆ ತೆರಳುವ ಮೀನುಗಾರಿಕಾ ದೋಣಿಗಳು ಹಲವು ದಿನ ದಡಕ್ಕೆ ಮರಳುವುದಿಲ್ಲ. ಅಡುಗೆಯೂ ದೋಣಿಯಲ್ಲೇ ಆಗಬೇಕು. ಮನೆಬಳಕೆಯ ಮಿಕ್ಸಿಯನ್ನು ದೋಣಿಯ ಬ್ಯಾಟರಿಯಿಂದ ನಡೆಸಬಹುದೇ ಎಂಬ ಪ್ರಶ್ನೆ ಆಗ ಸಹಜ. ಹುಣಸಮಾರನಹಳ್ಳಿಯಂಥ ಒಳನಾಡಿನ ವರ್ತಕರಿಗೂ ಇದು ಹೊರತಲ್ಲ. ಬಳ್ಳಾರಿ ರಸ್ತೆಯ ಬದಿಯಲ್ಲಿ ನಿಲ್ಲುವ ತಿಂಡಿ ವಾಹನಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ.

500 ವ್ಯಾಟ್‌ನ ಮಿಕ್ಸಿ 230 ವೋಲ್ಟ್‌ನಲ್ಲಿ ಸುಮಾರು 2.2 ಆಂಪಿಯರ್ ಸೆಳೆಯುತ್ತದೆ. ಅದನ್ನೇ 12 ವೋಲ್ಟ್ ಬ್ಯಾಟರಿಯಿಂದ ನಡೆಸಿದರೆ, ಇನ್ವರ್ಟರಿನ ನಷ್ಟವೂ ಸೇರಿ 50 ಆಂಪಿಯರಿನಷ್ಟು ಬೇಕು. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಇನ್ನೂ ಹಲವು ಪಟ್ಟು. ತೆಳು ತಂತಿ ಕಾದು ಬೆಂಕಿಗೆ ದಾರಿಯಾದೀತು. ಎಂಜಿನ್ ಚಾಲೂ ಮಾಡುವ ಬ್ಯಾಟರಿಯೇ ಬರಿದಾದರೆ ನಡುಗಡಲಿನಲ್ಲಿ ಗತಿಯೇನು?

ಆದ್ದರಿಂದ ಪ್ರತ್ಯೇಕ ಬ್ಯಾಟರಿ, ಅದರ ಸಮೀಪವೇ ಫ್ಯೂಸ್, ದಪ್ಪನೆಯ ಗಿಡ್ಡ ತಂತಿ ಅತ್ಯವಶ್ಯ. ಬೆಲೆ ತಗ್ಗಿಸಲು ಇವನ್ನು ಕೈಬಿಟ್ಟು ಮಾರುವ ವರ್ತಕನಿಗೆ ಇಂದಿನ ಲಾಭವೇ ನಾಳಿನ ನಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಪೂರಿತ ಸರಕಿನ ಹೊಣೆಯನ್ನು ತಯಾರಕನೊಂದಿಗೆ ಮಾರಾಟಗಾರನ ಮೇಲೂ ಹೊರಿಸಬಲ್ಲದು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿಗಳ ದುರಸ್ತಿಗೆ ಅದೇ ಸಕಾಲ. ಸಣ್ಣ ತಯಾರಕರು ಇನ್ವರ್ಟರಿನ ಮೇಲೆ ನಿರಂತರ ಸಾಮರ್ಥ್ಯವನ್ನೂ ಆರಂಭದ ಸಾಮರ್ಥ್ಯವನ್ನೂ ಬೇರೆ ಬೇರೆಯಾಗಿ ಕನ್ನಡದಲ್ಲೇ ಮುದ್ರಿಸಿ ಆ ಮಾರುಕಟ್ಟೆಗೆ ಇಳಿಯುವುದು ಲೇಸು.