ಶಿರಹಟ್ಟಿಯ ಶಕುನ

ಚುನಾವಣೆ ಬಂತೆಂದರೆ ಶಿರಹಟ್ಟಿ ಸೀಮೆಯ ಚಹಾದಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತಿತ್ತು: ‘ಇಲ್ಲಿ ಗೆದ್ದಂವರದ ಬೆಂಗಳೂರಾಗ ಸರಕಾರ.’ ಮಾಗಡಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಜನ ಇದನ್ನು ಹೆಮ್ಮೆಯಿಂದ ಹೇಳುವರು. ಪತ್ರಿಕೆಗಳೂ ಐದು ವರ್ಷಕ್ಕೊಮ್ಮೆ ತಪ್ಪದೆ ಅಚ್ಚು ಹಾಕುವವು. ಸಾಂಗ್ಲಿ, ಮೀರಜ್ ಸಂಸ್ಥಾನಿಕರ ಕೈಯಲ್ಲಿ ಹರಿದು ಹಂಚಿಹೋಗಿದ್ದ ಈ ನೆಲಕ್ಕೆ ಇಡೀ ರಾಜ್ಯದ ಭವಿಷ್ಯ ಹೇಳುವ ಪಟ್ಟ ಸಿಕ್ಕಿದ್ದು ಸಣ್ಣ ಸಂಗತಿಯೇನಲ್ಲ.

2008ರಲ್ಲಿ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಬಿಜೆಪಿಯ ರಾಮಣ್ಣ ಲಮಾಣಿ ಗೆದ್ದರು, ಯಡಿಯೂರಪ್ಪ ಮುಖ್ಯಮಂತ್ರಿಯಾದರು. 2013ರಲ್ಲಿ ಕಾಂಗ್ರೆಸ್ಸಿನ ರಾಮಕೃಷ್ಣ ದೊಡ್ಡಮನಿ ಕೂದಲೆಳೆಯ ಅಂತರದಲ್ಲಿ ಗೆದ್ದರು, ಸಿದ್ದರಾಮಯ್ಯ ಬಂದರು. 2018ರಲ್ಲಿ ಲಮಾಣಿ ಮತ್ತೆ ಗೆದ್ದಾಗ ಶಕುನಕ್ಕೆ ಸ್ವಲ್ಪ ಮುಜುಗರವಾಯಿತು. ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು, ಮೂರೇ ದಿನಕ್ಕೆ ಇಳಿದರು. ಕುಮಾರಸ್ವಾಮಿ ಕುರ್ಚಿ ಏರಿದರು. ನಂಬಿದವರು ಮಾತ್ರ ಧೃತಿಗೆಡಲಿಲ್ಲ. 2019ರಲ್ಲಿ ಬಿಜೆಪಿ ಸರಕಾರ ಬಂದದ್ದೇ ತಡ, ‘ಹೇಳಿರ್ಲಿಲ್ಲೇನ?’ ಎಂದರು. ಶಕುನ ಸುಳ್ಳಾಗಬಾರದೆಂದು ಹದಿನಾಲ್ಕು ತಿಂಗಳು ಕಾಯುವಷ್ಟು ಸಹನೆ ಜ್ಯೋತಿಷಿಗಳಿಗೂ ಇರಲಿಕ್ಕಿಲ್ಲ.

2023ರಲ್ಲಿ ಮಾತ್ರ ಕಾಯುವುದಕ್ಕೂ ಜಾಗ ಉಳಿಯಲಿಲ್ಲ. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಶಿರಹಟ್ಟಿಯಲ್ಲಿ ಬಿಜೆಪಿಯ ಡಾ. ಚಂದ್ರು ಲಮಾಣಿ ಗೆದ್ದರು. ಕಾಂಗ್ರೆಸ್ ಟಿಕೆಟ್ ಸುಜಾತಾ ದೊಡ್ಡಮನಿ ಅವರ ಪಾಲಾಗಿತ್ತು. ಟಿಕೆಟ್ ತಪ್ಪಿದ ರಾಮಕೃಷ್ಣ ದೊಡ್ಡಮನಿ ಪಕ್ಷೇತರರಾಗಿ ನಿಂತು ಎರಡನೆಯ ಸ್ಥಾನಕ್ಕೆ ಬಂದರು, ಅಧಿಕೃತ ಅಭ್ಯರ್ಥಿ ಮೂರನೆಯವರಾದರು. ಶಕುನ ಮುರಿದದ್ದು ಮತದಾರನ ಕೈಯಿಂದಲೋ ಟಿಕೆಟ್ ಹಂಚಿದವರ ಕೈಯಿಂದಲೋ ಎಂಬುದು ಚರ್ಚೆಗೆ ಬಿಟ್ಟ ವಿಷಯ.

ಇಂಥ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ವೀಗೋ ಕೌಂಟಿ 1956ರಿಂದ 2016ರವರೆಗೆ ಸತತ ಹದಿನಾರು ಚುನಾವಣೆಗಳಲ್ಲಿ ಅಧ್ಯಕ್ಷರಾದವರಿಗೇ ಬಹುಮತ ಕೊಟ್ಟಿತ್ತು. ಪತ್ರಕರ್ತರು ಅಲ್ಲಿಗೆ ತೀರ್ಥಯಾತ್ರೆ ಹೋದಂತೆ ಹೋಗುತ್ತಿದ್ದರು. 2020ರಲ್ಲಿ ಅದು ಟ್ರಂಪ್ ಕಡೆ ನಿಂತಿತು, ಬೈಡನ್ ಗೆದ್ದರು. ಅದಕ್ಕೂ ಹಿಂದೆ ‘ಮೇನ್ ಹೋದತ್ತ ದೇಶ’ ಎಂಬ ಗಾದೆಯಿತ್ತು. 1936ರಲ್ಲಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದಾಗ ಎದುರಾಳಿಗೆ ಒಲಿದದ್ದು ಮೇನ್ ಮತ್ತು ವರ್ಮಾಂಟ್ ಎರಡೇ.

ಲೆಕ್ಕ ಕಠಿಣವೇನಲ್ಲ. ವಿಧಾನಸಭೆಯಲ್ಲಿ 224 ಸ್ಥಾನ. 1989ರಲ್ಲಿ ಕಾಂಗ್ರೆಸ್ 178 ಗೆದ್ದಾಗ ಅಷ್ಟೂ ಕ್ಷೇತ್ರಗಳು ಸರಕಾರವನ್ನು ‘ಸರಿಯಾಗಿ ಹೇಳಿದಂತೆ’ ಆಯಿತು. ಸುಮಾರು ಅರ್ಧದಷ್ಟು ಕ್ಷೇತ್ರಗಳು ಪ್ರತಿಸಲ ಸರಿಯಾದರೂ, ಏಳು ಚುನಾವಣೆ ಕಳೆಯುವ ಹೊತ್ತಿಗೆ ಒಂದೆರಡು ಒಮ್ಮೆಯೂ ತಪ್ಪದೆ ಉಳಿದೇ ಉಳಿಯುತ್ತವೆ. ಆ ಊರಿನವರು ಅದನ್ನು ಪವಾಡವೆನ್ನುತ್ತಾರೆ. ತಪ್ಪಿದ ಊರುಗಳವರು ಯಾವ ಗಾದೆಯನ್ನೂ ಕಟ್ಟುವುದಿಲ್ಲ.

ಬೆಂಗಳೂರಿನ ಮಾತು ಬಿಟ್ಟು ದಿಲ್ಲಿಯ ಲೆಕ್ಕ ತೆಗೆದರೆ ಕಥೆ ಇನ್ನೂ ಸ್ವಾರಸ್ಯ. ಶಿರಹಟ್ಟಿ ಆಗ ಧಾರವಾಡ ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿತ್ತು. 1977ರಲ್ಲಿ ದೇಶ ಇಂದಿರಾ ಗಾಂಧಿಯವರನ್ನು ಇಳಿಸಿದಾಗ ಈ ಕ್ಷೇತ್ರ ಕಾಂಗ್ರೆಸ್ಸಿನ ಎಫ್.ಎಚ್. ಮೊಹಸಿನ್ ಅವರನ್ನು ಮತ್ತೆ ಕಳಿಸಿತು. 1989ರಲ್ಲೂ 1996ರಲ್ಲೂ ದಿಲ್ಲಿಯಲ್ಲಿ ಕಾಂಗ್ರೆಸ್ ಸೋತಿತು, ಇಲ್ಲಿ ಗೆದ್ದಿತು. 1999ರಲ್ಲಿ ವಾಜಪೇಯಿ ಸರಕಾರವಿದ್ದಾಗ ಇಲ್ಲಿಂದ ಹೋದವರು ಕಾಂಗ್ರೆಸ್ಸಿನವರು. 2004ರಲ್ಲಿ ಮನಮೋಹನ್ ಸಿಂಗ್ ಬಂದಾಗ ಹೋದವರು ಬಿಜೆಪಿಯ ಮಂಜುನಾಥ ಕುನ್ನೂರ. ಕ್ಷೇತ್ರ ಹಾವೇರಿ ಎಂದು ಹೆಸರು ಬದಲಿಸಿಕೊಂಡ 2009ರಲ್ಲೂ ಅದೇ ಕಥೆ. ಇಡೀ ಲೋಕಸಭಾ ಕ್ಷೇತ್ರದ ಫಲಿತಾಂಶವನ್ನು ಶಿರಹಟ್ಟಿಯೊಂದರ ತಲೆಗೆ ಕಟ್ಟಲಾಗದು, ನಿಜ. ಆದರೂ ಗಾಳಿ ಬಂದತ್ತ ವಾಲುವ ಸೀಮೆ ಇದಲ್ಲ ಎನ್ನಲು ಇಷ್ಟು ಸಾಕು.

ಈ ದಾಖಲೆಯಲ್ಲೇ ಇನ್ನೊಂದು ಸಂಗತಿ ಅಡಗಿದೆ. ಅದರ ಬಗ್ಗೆ ಚಹಾದಂಗಡಿಯಲ್ಲಿ ಗಾದೆ ಹುಟ್ಟಲಿಲ್ಲ. 1962ರಿಂದ 1980ರವರೆಗೆ ಮೊಹಸಿನ್ ಐದು ಸಲ, 1984ರಲ್ಲಿ ಅಜೀಜ್ ಸೇಠ್, 1989 ಮತ್ತು 1991ರಲ್ಲಿ ಬಿ.ಎಂ. ಮುಜಾಹಿದ್, 1996 ಮತ್ತು 1999ರಲ್ಲಿ ಐ.ಜಿ. ಸನದಿ: ಹನ್ನೊಂದು ಚುನಾವಣೆಗಳಲ್ಲಿ ಹತ್ತು ಸಲ ಇಲ್ಲಿಂದ ಮುಸ್ಲಿಮರು ಗೆದ್ದು ಹೋದರು. ನಡುವೆ 1998ರಲ್ಲಿ ಮಾತ್ರ ಲೋಕಶಕ್ತಿಯ ಬಿ.ಎಂ. ಮೆಣಸಿನಕಾಯಿ ಗೆದ್ದರು. ಬಹುಪಾಲು ಹಳ್ಳಿಗಳೇ ಇರುವ, ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಕ್ಷೇತ್ರವಿದು. ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠ ಶಿರಹಟ್ಟಿಯಲ್ಲೇ ಇದೆ. ಮಠವೇ ಇದಕ್ಕೆ ಕಾರಣ ಎನ್ನುವುದು ಅತಿಯಾದೀತು; ಕಾಂಗ್ರೆಸ್ಸಿನ ಬಲವೂ ಟಿಕೆಟ್ಟಿನ ಲೆಕ್ಕಾಚಾರವೂ ಇದ್ದೇ ಇದ್ದವು. 2004ರಿಂದೀಚೆಗೆ ಆ ಸಾಲು ಮುಂದುವರಿಯಲಿಲ್ಲ.

ಮೊದಲನೆಯ ಗಾದೆಗೆ ಜನ ಅಷ್ಟೊಂದು ಜೋತುಬಿದ್ದದ್ದಕ್ಕೆ ಹೊಟ್ಟೆಪಾಡಿನ ಕಾರಣವೂ ಉಂಟು. ಶೇಂಗಾ, ಹತ್ತಿ, ಮೆಣಸಿನಕಾಯಿ ಬೆಳೆಯುವ ಮಳೆಯಾಶ್ರಿತ ನಾಡಿದು. ಶಾಸಕ ಆಳುವ ಪಕ್ಷದವನಾದರೆ ರಸ್ತೆಗೆ ಡಾಂಬರು, ಕೆರೆಗೆ ನೀರು ಬಂದೀತೆಂಬ ಆಸೆ. ವಿರೋಧ ಪಕ್ಷದವನಾದರೆ ಅರ್ಜಿ ಹಿಡಿದು ಅಲೆಯಬೇಕು ಎಂಬ ಭಯ. ಗೆಲ್ಲುವವನು ಯಾರೆಂದು ಊಹಿಸಿ ಅವನಿಗೇ ಮತ ಹಾಕುವ ಚಾಳಿ ಹುಟ್ಟುವುದು ಇಲ್ಲಿಂದಲೇ.

2023ರ ಫಲಿತಾಂಶದ ನಂತರ ವರ್ಷ ತುಂಬುವ ಮೊದಲೇ, 2024ರ ಜನವರಿಯಲ್ಲಿ, ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ದೆಸೆಯಿಂದ ಬಂದ ಗೌರವವದು. ಅದಕ್ಕೆ ಶಾಸಕ ಯಾವ ಪಕ್ಷದವನೆಂದು ಯಾರೂ ಕೇಳಿರಲಿಲ್ಲ.